ಲಿಸ್ಟೀರಿಯಾ: ಬಸುರಿಯರು, ವೃದ್ಧರು ಇರುವ ಮನೆಗಳಿಗೆ ಕಟ್ಟುನಿಟ್ಟಿನ ಸೂಚನೆ

ಮನೆಯಲ್ಲಿ ಬಸುರಿ ಇದ್ದರೆ, 65 ದಾಟಿದ ಹಿರಿಯರಿದ್ದರೆ, ಕೀಮೋ ತೆಗೆದುಕೊಳ್ಳುತ್ತಿರುವವರು ಅಥವಾ ಕಿಡ್ನಿ ಕಸಿ ಮಾಡಿಸಿಕೊಂಡವರು ಇದ್ದರೆ ಇದನ್ನು ಓದಿ, ಅಡುಗೆ ಮಾಡುವವರಿಗೂ ಓದಿ ಹೇಳಿ. ಗಟ್ಟಿಮುಟ್ಟಾದವರಿಗೆ ಊಟ, ತಿನಿಸಿನ ಮೂಲಕ ಬರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ತಗುಲಿದರೂ ಸಾಮಾನ್ಯವಾಗಿ ಒಂದೆರಡು ದಿನದ ಜ್ವರ, ಭೇದಿಯಲ್ಲಿ ಮುಗಿಯುತ್ತದೆ. ಮೇಲೆ ಹೇಳಿದವರಲ್ಲಿ ಅದು ರಕ್ತಕ್ಕೆ, ಮಿದುಳಿಗೆ ಏರಬಹುದು. ಹಾಗೆ ಏರಿದರೆ ಚಿಕಿತ್ಸೆ ಕೊಟ್ಟರೂ ನೂರಕ್ಕೆ 20ರಿಂದ 30 ಮಂದಿ ಉಳಿಯುವುದಿಲ್ಲ. ಬಸುರಿಗೆ ಈ ಸೋಂಕು ತಗುಲುವ ಸಂಭವ ಉಳಿದವರಿಗಿಂತ ಸುಮಾರು 10 ಪಟ್ಟು.

ಮಣ್ಣು, ಸಗಣಿ, ಕೊಳೆತ ಮೇವು ಈ ಬ್ಯಾಕ್ಟೀರಿಯಾದ ನೆಲೆ. ಬೇರೆ ಬಹಳಷ್ಟು ರೋಗಾಣುಗಳು ಚಳಿಗೆ ಸುಮ್ಮನಾದರೆ ಇದು ಫ್ರಿಜ್‌ನೊಳಗೇ ನಿಧಾನವಾಗಿ ಹೆಚ್ಚುತ್ತದೆ. ಫ್ರೀಜರ್‌ನಲ್ಲಿ ಬೆಳೆಯದು, ಸಾಯುವುದೂ ಇಲ್ಲ. ತಿನಿಸಿನ ವಾಸನೆ, ರುಚಿ ಎರಡೂ ಮೊದಲಿನಂತೆಯೇ ಇರುವುದರಿಂದ ಮೂಸಿ ನೋಡಿ ತೀರ್ಮಾನಿಸುವ ನಮ್ಮ ಹಳೇ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚೆನ್ನಾಗಿ ಬೇಯಿಸಿದರೆ, ಕುದಿಸಿದರೆ ಮಾತ್ರ ಸಾಯುತ್ತದೆ.

ಮಾಡಬಾರದ್ದು

ಹಸಿ ಹಾಲು ಕುಡಿಯಬೇಡಿ. ಬಸುರಿಗೆ ನೊರೆಹಾಲು ಶಕ್ತಿ ಎಂದು ಅಜ್ಜಿ ಎಷ್ಟೇ ಒತ್ತಾಯ ಮಾಡಲಿ, ಬೇಡ. ಹಸುವಿನ ಕೆಚ್ಚಲು ತೊಳೆದಿದ್ದರೂ ಅಷ್ಟೇ. ಹಸಿ ಹಾಲಿನ ಪಂಚಾಮೃತವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಡಿ, ದೇವರು ಮುನಿಯುವುದಿಲ್ಲ. ಆದರೆ ಆ ಪಕ್ಕದವರೂ ಬಸುರಿಯಾಗಿರಬಾರದು. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರು, ಹಬೆಯಲ್ಲಿ ಚೆನ್ನಾಗಿ ಬೆಂದ ಗಿಣ್ಣು ಬಿಡಬೇಕಿಲ್ಲ.

ರಸ್ತೆ ಬದಿಯಲ್ಲಿ ಹೆಚ್ಚಿಟ್ಟ ಕರಬೂಜ, ಪಪ್ಪಾಯಿ, ಕಲ್ಲಂಗಡಿ ತಿನ್ನಬೇಡಿ. 2011ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಕರಬೂಜ ತಿಂದು 147 ಮಂದಿ ಕಾಯಿಲೆ ಬಿದ್ದರು, 33 ಮಂದಿ ಸತ್ತರು. ಕರಬೂಜದ ಸಿಪ್ಪೆ ಬಲೆಯಂತೆ ಒರಟು. ಅದರ ಗೀರುಗಳಲ್ಲಿ ಕೂತ ರೋಗಾಣುವನ್ನು ಚಾಕುವೇ ತಿರುಳಿನೊಳಗೆ ಒಯ್ಯುತ್ತದೆ.

ಮೊಳಕೆಕಾಳನ್ನು ಹಸಿಯಾಗಿ ತಿನ್ನಬೇಡಿ, ಉಸಲಿ ಮಾಡಿ. ನಾಲ್ಕು ದಿನದ ಹಿಂದಿನ ಪಲ್ಯವನ್ನು ಡಬ್ಬಿಯಿಂದ ತಣ್ಣಗೇ ಬಡಿಸಬೇಡಿ.

ಬಾಣಂತನಕ್ಕೆಂದು ಮಗಳ ಮನೆಗೆ ವಿದೇಶಕ್ಕೆ ಹೊರಟ ಅಮ್ಮಂದಿರು ಗಮನಿಸಿ. ಅಲ್ಲಿನ ಅಂಗಡಿಗಳಲ್ಲಿ ತೆಳ್ಳಗೆ ಹೆಚ್ಚಿಕೊಡುವ ತಣ್ಣನೆಯ ಮಾಂಸ, ಹೊಗೆಯಾಡಿಸಿದ ತಣ್ಣನೆಯ ಮೀನು, ಕೇಸೊ ಫ್ರೆಸ್ಕೊದಂಥ ಮೆತ್ತನೆ ಚೀಸ್ ಬಸುರಿಯ ತಟ್ಟೆಗೆ ಬರಬಾರದು. ಮಾಂಸ ತಿನ್ನಲೇಬೇಕೆಂದರೆ ಹಬೆ ಏಳುವಷ್ಟು ಬಿಸಿ ಮಾಡಿಕೊಳ್ಳಲಿ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಪೊಲೊನಿ ಎಂಬ ಅಗ್ಗದ, ಬೇಯಿಸದೇ ಬ್ರೆಡ್ಡಿನೊಳಗಿಟ್ಟು ತಿನ್ನುವ ಸಂಸ್ಕರಿತ ಮಾಂಸದಿಂದ ಸಾವಿರಕ್ಕೂ ಹೆಚ್ಚು ಮಂದಿಗೆ ಲಿಸ್ಟೀರಿಯಾ ಬಂತು, 200ಕ್ಕೂ ಹೆಚ್ಚು ಮಂದಿ ಸತ್ತರು. ರೋಗಿಗಳಲ್ಲಿ ನೂರಕ್ಕೆ 40ರಷ್ಟು ಹುಟ್ಟಿ ತಿಂಗಳೂ ತುಂಬದ ಕೂಸುಗಳು. ತಿಂದದ್ದು ತಾಯಿ, ಸೋಂಕು ಹೋದದ್ದು ಹೊಟ್ಟೆಯೊಳಗಿನ ಮಗುವಿಗೆ.

ಜ್ವರಕ್ಕೆ ಮೆಡಿಕಲ್ ಸ್ಟೋರಿನವರು ಕೊಟ್ಟ ಆ್ಯಂಟಿಬಯಾಟಿಕ್ ನುಂಗಿ ಮಲಗಬೇಡಿ. ನಮ್ಮಲ್ಲಿ ಸುಲಭವಾಗಿ ಕೈಗೆ ಬರುವ ಸೆಫಿಕ್ಸಿಮ್ ಮತ್ತು ಅದೇ ಗುಂಪಿನ ಔಷಧಿಗಳು ಲಿಸ್ಟೀರಿಯಾಕ್ಕೆ ನಾಟುವುದೇ ಇಲ್ಲ. ಇದಕ್ಕೆ ಬೇಕಾದ್ದು ಹೆಚ್ಚಾಗಿ ಆ್ಯಂಪಿಸಿಲಿನ್, ಅದೂ ಆಸ್ಪತ್ರೆಯಲ್ಲಿ, ರಕ್ತನಾಳದ ಮೂಲಕ.

ಮಾಡಬೇಕಾದ್ದು

ಹಾಲು ಉಕ್ಕಿ ಬರುವಂತೆ ಕಾಯಿಸಿ. ನಂದಿನಿಯಂಥ ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ. ಮನೆ ಬಾಗಿಲಿಗೆ ಕ್ಯಾನಿನಲ್ಲಿ ಬರುವ ಹಾಲು ಹಾಗಲ್ಲ.

ನಿನ್ನೆಯ ಹುಳಿ, ಸಾರು ಕೊತಕೊತ ಕುದಿಯಲಿ. ಮೈಕ್ರೋವೇವ್‌ನಲ್ಲಿ ಅಂಚು ಸುಡುತ್ತಿದ್ದರೂ ನಡುಭಾಗ ತಣ್ಣಗಿರುತ್ತದೆ, ಮಧ್ಯೆ ಒಮ್ಮೆ ಹೊರಗೆ ತೆಗೆದು ಕಲಸಿ.

ಹಣ್ಣನ್ನು ಇಡಿಯಾಗಿಯೇ ತಂದು, ಹೆಚ್ಚುವ ಮೊದಲು ಹರಿಯುವ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ತೊಳೆದು, ಒರೆಸಿ, ಆಮೇಲೆ ಚಾಕು ಹಾಕಿ. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂಬ ಮಾತು ಬೇಡ.

ಫ್ರಿಜ್‌ನೊಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗುಂಡಿಯ ಮೇಲಿನ ಅಂಕಿ ಡಿಗ್ರಿಯಲ್ಲ, ಸಣ್ಣ ಥರ್ಮಾಮೀಟರ್ ಒಳಗಿಟ್ಟು ನೋಡಿ. ಕರೆಂಟು 4 ಗಂಟೆಗೂ ಮೀರಿ ಹೋಗಿದ್ದರೆ ಹಾಲು, ಮಾಂಸ, ಬೆಂದ ಅಡುಗೆಯನ್ನು ಬಸುರಿಗೆ ಕೊಡಬೇಡಿ. ಕೋಳಿ, ಮೀನಿನ ಕವರಿನಿಂದ ಸೋರಿದ ನೀರನ್ನು ಕಂಡ ಕೂಡಲೇ ಸೋಪು ನೀರಿನಿಂದ ಒರೆಸಿ. ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಅಲ್ಲಿ ಕಪ್ಪಗೆ ಲೋಳೆಗಟ್ಟಿದ್ದರೆ ಹಳೇ ಟೂತ್‌ಬ್ರಷ್‌ಗೆ ಕೆಲಸ ಕೊಡಿ.

ಬಸುರಿಗೆ ಜ್ವರ, ಮೈಕೈ ನೋವು, ಸುಸ್ತು ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ತಾಯಿಗೆ ನೆಗಡಿ ಜ್ವರದಷ್ಟೇ ಕಂಡರೂ ಗರ್ಭಪಾತ, ದಿನ ತುಂಬದ ಹೆರಿಗೆ ಆಗಬಹುದು, ಮಗು ಹೊಟ್ಟೆಯಲ್ಲೇ ಹೋಗಬಹುದು. ವಯಸ್ಸಾದವರಲ್ಲಿ ಜ್ವರದ ಜೊತೆ ಕತ್ತು ಬಿಗಿಯುವುದು, ಮಾತು ಅಡ್ಡಾದಿಡ್ಡಿಯಾಗುವುದು, ನಡಿಗೆ ಓಲಾಡುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಪತ್ತೆಯಾಗುವುದು ರಕ್ತದ ಕಲ್ಚರ್ ಪರೀಕ್ಷೆಯಿಂದ. ತಿಂದ 70 ದಿನಗಳವರೆಗೂ ಕಾಯಿಲೆ ಕಾಣಿಸಿಕೊಳ್ಳಬಹುದಾದ್ದರಿಂದ ನಿನ್ನೆಯ ಊಟವನ್ನಷ್ಟೇ ಹೇಳಿ ಸುಮ್ಮನಾಗಬೇಡಿ. ಕಳೆದ 70 ದಿನಗಳಲ್ಲಿ ಹಸಿ ಹಾಲು, ಹೆಚ್ಚಿಟ್ಟ ಹಣ್ಣು, ತಣ್ಣನೆಯ ಮಾಂಸ ಏನಾದರೂ ತಿಂದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹೆರಿಗೆಯ ಹೊತ್ತಿಗೆ ತಾಯಿಗೆ ಜ್ವರವಿತ್ತೆಂದರೆ ಮಕ್ಕಳ ವೈದ್ಯರಿಗೂ ತಿಳಿಸಿ. ಕೂಸು ಮೊಲೆ ಹಿಡಿಯದಿದ್ದರೆ, ಮೈ ಕಾದರೆ ಅಥವಾ ತಣ್ಣಗಾದರೆ, ಉಸಿರು ಎಳೆದರೆ ಬಜೆ ತೇಯುತ್ತ, ದೃಷ್ಟಿ ತೆಗೆಯುತ್ತ ಕೂರದೆ ಎತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ.