ಅಡ್ರಿನಲ್ ಗ್ರಂಥಿಯ ಒಂದು ಅಪರೂಪದ ಗಡ್ಡೆ

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಒಂದೊಂದು ಪುಟ್ಟ ಗ್ರಂಥಿ ಕುಳಿತಿದೆ. ತೂಕ ನಾಲ್ಕೈದು ಗ್ರಾಂ, ಹೆಸರು ಅಡ್ರಿನಲ್. ಇದರ ಒಳತಿರುಳು ಅಡ್ರಿನಲಿನ್, ನಾರಡ್ರಿನಲಿನ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುತ್ತದೆ. ಹೊಲದ ಬದುವಿನಲ್ಲಿ ಹಾವನ್ನು ಕಂಡೊಡನೆ ಎದೆ ಡವಡವನೆ ಬಡಿದುಕೊಳ್ಳುವುದು ಬಹುಮಟ್ಟಿಗೆ ಇವುಗಳ ಪ್ರಭಾವದಿಂದಲೇ.

ಹಾವು ಸರಿದುಹೋದ ಮೇಲೆ ಎದೆಬಡಿತ ಇಳಿಯಬೇಕು. ಆದರೆ ತಿರುಳಿನಲ್ಲಿ ಗಡ್ಡೆ ಬೆಳೆದವರಲ್ಲಿ ಹಾವಿಲ್ಲದೆಯೇ ಈ ಹಾರ್ಮೋನುಗಳು ಉಕ್ಕುತ್ತವೆ. ತಲೆಸಿಡಿತ, ಮೈತುಂಬ ಬೆವರು, ಎದೆಬಡಿತ ಈ ಮೂರೂ ಒಟ್ಟಿಗೆ ಬಂದು, ಕೆಲವೇಳೆ ಕೆಲವೇ ನಿಮಿಷಗಳಲ್ಲಿ ಅಡಗುತ್ತವೆ. 1912ರಲ್ಲಿ ಲುಡ್ವಿಗ್ ಪಿಕ್ ಎಂಬ ಜರ್ಮನ್ ವಿಜ್ಞಾನಿ ಈ ಗಡ್ಡೆಯನ್ನು ಫಿಯೊಕ್ರೋಮೋಸೈಟೋಮ ಎಂದು ಕರೆದನು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2ರಿಂದ 8 ಮಂದಿಯಲ್ಲಿ ಮಾತ್ರ ಇದು ಪತ್ತೆಯಾಗುತ್ತದೆ. ಬಹುತೇಕ ಗಡ್ಡೆಗಳು ದೇಹದ ಬೇರೆಡೆಗೆ ಹಬ್ಬುವುದಿಲ್ಲ. ಆದರೂ ಇದನ್ನು ಅರಿಯದೆ ಬೇರಾವುದೋ ಕಾರಣಕ್ಕೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಥಟ್ಟನೆ ಚಿಮ್ಮಿ ಪ್ರಾಣಕ್ಕೇ ಎರವಾಗಬಹುದು.

ಒತ್ತಡ ಇಷ್ಟೊಂದು ಏರುವುದೇಕೆ? ಭೌತವಿಜ್ಞಾನ ಓದುವವರಿಗೆ ಇದು ಸ್ವಾರಸ್ಯದ ಪ್ರಶ್ನೆ. ಅಥಣಿ ಸೀಮೆಯ ಐಗಳಿಯ ಸುತ್ತಲಿನ ದ್ರಾಕ್ಷಿತೋಟಗಳಲ್ಲಿ ನೀರಿನ ಕೊಳವೆಗಳನ್ನು ಹಾಸಿರುವುದನ್ನು ನಾವು ನೋಡುತ್ತೇವೆ. ಕೊಳವೆ ಸಣ್ಣದಾದಷ್ಟೂ ಅಷ್ಟೇ ನೀರನ್ನು ಹಾಯಿಸಲು ಹೆಚ್ಚು ಒತ್ತಡ ಬೇಕು. ನೀರು ಸುಳಿಯಿಲ್ಲದೆ ಹರಿಯುವಾಗ ಕೊಳವೆಯ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ಪ್ವಾಸೆಯ್ ನಿಯಮ ಹೇಳುತ್ತದೆ. ತ್ರಿಜ್ಯವು ನೂರಕ್ಕೆ ಹತ್ತರಷ್ಟು ಕುಗ್ಗಿದರೆ ತಡೆಯು ಒಂದೂವರೆ ಪಟ್ಟಾಗುತ್ತದೆ! ರಕ್ತನಾಳವು ರಬ್ಬರಿನಂತೆ ಹಿಗ್ಗುವುದರಿಂದ ಲೆಕ್ಕ ಅಷ್ಟು ನೇರವಲ್ಲ. ಆದರೂ ನಾರಡ್ರಿನಲಿನ್ ಕಿರುನಾಳಗಳನ್ನು ಬಿಗಿದಾಗ ಆಗುವುದೇನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರೋಗನಿರ್ಣಯದಲ್ಲಿ ಚಿತ್ರಕ್ಕಿಂತ ರಸಾಯನ ಮೊದಲು. ಗಡ್ಡೆಯು ಅಡ್ರಿನಲಿನ್ನನ್ನು ಆಗಾಗ ಹೊರಬಿಡುತ್ತದೆ. ಆದರೆ ತನ್ನೊಳಗೇ ಅದನ್ನು ಮೆಟನೆಫ್ರಿನ್ ಎಂಬ ದ್ರವ್ಯವನ್ನಾಗಿ ಎಡೆಬಿಡದೆ ಮಾರ್ಪಡಿಸುತ್ತಿರುತ್ತದೆ. ಆದಕಾರಣ ರಕ್ತದಲ್ಲಿ, ಇಲ್ಲವೆ 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಿ, ಮೆಟನೆಫ್ರಿನ್ನುಗಳನ್ನು ಅಳೆಯುತ್ತಾರೆ.

ಅನಂತರ ಸಿ.ಟಿ. ಚಿತ್ರ. ಕ್ಷ-ಕಿರಣಗಳನ್ನು ಅಂಗಾಂಶ ಎಷ್ಟು ಹೀರುತ್ತದೆಂಬುದನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಹೇಳುತ್ತಾರೆ: ನೀರು 0, ಗಾಳಿ -1000. ಗ್ರಂಥಿಯ ಹೊರಪದರದಲ್ಲಿ ಬೆಳೆಯುವ ಸಾಮಾನ್ಯ ನಿರಪಾಯ ಗಡ್ಡೆಗಳಲ್ಲಿ ಅನೇಕವು ಕೊಬ್ಬಿನಿಂದ ತುಂಬಿದ್ದು 10ನ್ನು ಮೀರುವುದಿಲ್ಲ. ಫಿಯೊಕ್ರೋಮೋಸೈಟೋಮ ಪ್ರಾಯಶಃ ಯಾವಾಗಲೂ ಮೀರುತ್ತದೆ. ಬೇರೆ ಕಾರಣಕ್ಕಾಗಿ ಹೊಟ್ಟೆಯ ಚಿತ್ರ ತೆಗೆಸಿದಾಗ ಅಡ್ರಿನಲ್ ಗಡ್ಡೆ ಕಾಣಿಸಿದರೆ ಈ ಅಂಕಿ ಬಹಳ ನೆರವಾಗುತ್ತದೆ.

ಚಿಕಿತ್ಸೆ ಶಸ್ತ್ರಕ್ರಿಯೆಯೇ. 1926ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂ, ಅಮೆರಿಕದಲ್ಲಿ ಚಾರ್ಲ್ಸ್ ಮೇಯೊ ಈ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದರು. ಇಂದು ಸಣ್ಣ ರಂಧ್ರಗಳ ಮೂಲಕವೇ ತೆಗೆಯಬಹುದು. ಆದರೆ ಕತ್ತಿಗೆ ಮುಂಚೆ ಸಿದ್ಧತೆ ಬೇಕು, ಏಕೆಂದರೆ ಗಡ್ಡೆಯನ್ನು ಮುಟ್ಟಿದಾಗಲೂ ಹಾರ್ಮೋನು ಉಕ್ಕುತ್ತದೆ. ಸಾಮಾನ್ಯವಾಗಿ 7ರಿಂದ 14 ದಿನ ಪ್ರಾಜೋಸಿನ್, ಫಿನಾಕ್ಸಿಬೆಂಜಮೈನ್‌ನಂಥ ಆಲ್ಫಾ-ತಡೆ ಔಷಧವನ್ನು ಕೊಟ್ಟು ನಾಳಗಳ ಬಿಗಿತವನ್ನು ಸಡಿಲಿಸುತ್ತಾರೆ. ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಕೊಡುತ್ತಾರೆ. ಎದೆಬಡಿತವನ್ನು ಇಳಿಸುವ ಬೀಟಾ-ತಡೆ ಔಷಧ, ಬೇಕಾದರೆ, ಇದರ ತರುವಾಯವೇ. ಈ ಕ್ರಮ ತಿರುವುಮುರುವಾಗಕೂಡದು. ನಾಳಗಳನ್ನು ಹಿಗ್ಗಿಸುವ ಬೀಟಾ ದಾರಿಯನ್ನು ಮೊದಲೇ ಮುಚ್ಚಿದರೆ ಬಿಗಿಯುವ ಆಲ್ಫಾ ದಾರಿಯೊಂದೇ ಉಳಿದು, ಒತ್ತಡ ಇನ್ನೂ ಏರುತ್ತದೆ.

ಗಡ್ಡೆ ತೆಗೆದೊಡನೆ ಒತ್ತಡ ಕುಸಿಯಬಹುದಾದ್ದರಿಂದ ಆಗಲೂ ಎಚ್ಚರಿಕೆ ಬೇಕು. ಎರಡು ಗ್ರಂಥಿಗಳನ್ನೂ ಪೂರ್ತಿ ತೆಗೆದಿದ್ದರೆ ಹೊರಪದರದ ಹಾರ್ಮೋನುಗಳನ್ನು ಜೀವಮಾನವೆಲ್ಲ ಮಾತ್ರೆಯಾಗಿ ಸೇವಿಸಬೇಕು. ಕೆಲವರಲ್ಲಿ ಗಡ್ಡೆ ವರ್ಷಗಳ ತರುವಾಯ ಮರುಕಳಿಸುತ್ತದೆ, ಇಲ್ಲವೆ ಬೇರೆಡೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ವೈದ್ಯರು ಇದನ್ನು ‘ನಿರಪಾಯ’ವೆಂದು ಕರೆಯಲು ಈಗ ಹಿಂಜರಿಯುತ್ತಾರೆ, ಪರೀಕ್ಷೆಯನ್ನು ನಿಲ್ಲಿಸುವುದಿಲ್ಲ.

ಮನೆಯವರನ್ನೂ ಪರೀಕ್ಷಿಸಬೇಕಾಗಬಹುದು, ಏಕೆಂದರೆ ಸುಮಾರು ಮೂರರಲ್ಲೊಬ್ಬ ರೋಗಿಗೆ ಇದು ವಂಶವಾಹಿಯ ದೋಷದಿಂದ ಬರುತ್ತದೆ. 1886ರಲ್ಲಿ ಫ್ರೈಬುರ್ಗ್ ನಗರದ ಫೆಲಿಕ್ಸ್ ಫ್ರೆಂಕೆಲ್ ಎಂಬ ವೈದ್ಯನು, ಹಠಾತ್ತನೆ ತೀರಿಕೊಂಡ 18 ವರ್ಷದ ಹುಡುಗಿಯೊಬ್ಬಳ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆಗಳಿದ್ದುದನ್ನು ವರ್ಣಿಸಿದ್ದನು. 2007ರಲ್ಲಿ ಆಕೆಯ ಬಂಧುಗಳ ವಂಶದವರನ್ನು ಹುಡುಕಿ ಪರೀಕ್ಷಿಸಿದಾಗ, ಈ ಗಡ್ಡೆಗೆ ಕಾರಣವಾಗುವ ರೆಟ್ ಎಂಬ ವಂಶವಾಹಿಯ ದೋಷವು ಅವರಲ್ಲಿ ಇನ್ನೂ ಉಳಿದಿರುವುದು ತಿಳಿದುಬಂದಿತು.