ಸುಂಕವೂ ಉಡುಗೊರೆಯ ಲೆಕ್ಕಕ್ಕೇ ಸೇರಲಿ

ವಿದೇಶದಲ್ಲಿರುವ ಮಕ್ಕಳಿಗೆ, ಒಡಹುಟ್ಟಿದವರಿಗೆ ಪಾರ್ಸೆಲ್ ಕಳಿಸುವಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಕಿಲೋಗೆ ಎಷ್ಟು, ಯಾವಾಗ ತಲುಪುತ್ತದೆ? ಮೂರನೆಯದೊಂದನ್ನೂ ಕೇಳಲೇಬೇಕು: ಅಲ್ಲಿನ ಸುಂಕ ಕಟ್ಟುವವರು ಯಾರು?

ಅಮೆರಿಕಕ್ಕೆ ಕಳಿಸುವವರಿಗೆ ಬಹುಕಾಲ ಈ ಚಿಂತೆ ಇರಲಿಲ್ಲ. 800 ಡಾಲರ್‌ವರೆಗಿನ ವಸ್ತುಗಳಿಗೆ ಅಲ್ಲಿ ಆಮದು ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಹೋಯಿತು. ಅದರ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆಯೂ ಅಮೆರಿಕದ ಬುಕಿಂಗ್ ನಿಲ್ಲಿಸಿತು. ಹಾಗಾಗಿ ಆ ದಸರೆಗೆ ನ್ಯೂಜೆರ್ಸಿಯ ತಂಗಿಗೆ ಮೈಸೂರು ಸಿಲ್ಕ್ ಸೀರೆಯನ್ನು ಖಾಸಗಿ ಕೊರಿಯರ್‌ನಲ್ಲಿ ಕಳಿಸಿದೆ. ಕೌಂಟರಿನಲ್ಲಿ ಸುಂಕದ ಮಾತನ್ನು ಯಾರೂ ಎತ್ತಲಿಲ್ಲ. ಸೀರೆಗಿಂತ ಮೊದಲೇ ಬಿಲ್ಲು ತಂಗಿಯನ್ನು ತಲುಪಿತು. ಒಂದು ಸಾಲಿನಲ್ಲಿ ಸುಂಕ, ಅದರ ಕೆಳಗೆ ಆ ಸುಂಕವನ್ನು ಅವಳ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕ. "ಇರಲಿ ಬಿಡಕ್ಕಾ" ಎಂದು ಅವಳು ಕಟ್ಟಿದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ತವರಿನಿಂದ ಹೋದ ಸೀರೆಗೆ ಮನೆಮಗಳು ದುಡ್ಡು ತೆರುವಂತಾಗಬಾರದು.

ಅಕ್ಟೋಬರ್ 15ರಂದು ಅಂಚೆ ಸೇವೆ ಮತ್ತೆ ಶುರುವಾದಾಗ ಹೊಸ ವ್ಯವಸ್ಥೆ ಬಂದಿತ್ತು. ಸುಂಕವನ್ನು ಬುಕಿಂಗ್ ಹೊತ್ತಿಗೇ ಇಲ್ಲೇ ಕಟ್ಟಿಸಿಕೊಂಡು ಅಮೆರಿಕದ ಕಸ್ಟಮ್ಸ್‌ಗೆ ಸಂದಾಯ ಮಾಡುವ ಕ್ರಮ ಅದು. ಆಗಿನ ದರ ನಮೂದಿಸಿದ ಬೆಲೆಯ ಶೇ 50. ಈ ಸೇವೆಗೆಂದು ಇಲಾಖೆ ಬೇರೆ ಶುಲ್ಕ ಹಾಕಲಿಲ್ಲ. ಸಂಕ್ರಾಂತಿಗೆ 12,000 ರೂಪಾಯಿಯ ಇಳಕಲ್ ರೇಷ್ಮೆ ಸೀರೆ ಕಳಿಸಿದೆ; ಸುಂಕ 6,000, ಅದರ ಮೇಲೆ ಅಂಚೆ ವೆಚ್ಚ. ದುಬಾರಿಯೇ, ಅನುಮಾನವಿಲ್ಲ. ಆದರೆ ಪೂರ್ತಿ ಲೆಕ್ಕ ಕಣ್ಣ ಮುಂದಿತ್ತು. ಕಳಿಸಬೇಕೋ ಬೇಡವೋ ಎಂಬ ತೀರ್ಮಾನವೂ ನನ್ನ ಕೈಯಲ್ಲೇ ಇತ್ತು.

ದರಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಬುಕ್ ಮಾಡುವ ದಿನದ ದರವನ್ನೇ ವಿಚಾರಿಸಿ. ಒಬ್ಬರು ಇನ್ನೊಬ್ಬರಿಗೆ ಕಳಿಸುವ ಉಡುಗೊರೆ 100 ಡಾಲರ್ ಮೀರದಿದ್ದರೆ ಅಮೆರಿಕದಲ್ಲಿ ಸುಂಕವಿಲ್ಲ. ಮಗುವಿನ ಲಂಗ, ನಾಲ್ಕು ಪುಸ್ತಕ, ಮನೆಯ ಚಕ್ಕುಲಿ ಇಷ್ಟರೊಳಗೇ ಬರುತ್ತವೆ. ಬ್ರಿಟನ್‌ನಲ್ಲಿ ಉಡುಗೊರೆಗೆ ತೆರಿಗೆ ವಿನಾಯಿತಿಯ ಮಿತಿ 39 ಪೌಂಡ್. ಅದನ್ನು ದಾಟಿದರೆ ಸೀರೆಯಂಥ ವಸ್ತುವಿಗೆ ಶೇ 20 ವ್ಯಾಟ್ ಬೀಳುತ್ತದೆ.

ಸುಂಕ ಉಳಿಸಲು ಬೆಲೆ ಕಡಿಮೆ ಬರೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಖಂಡಿತ ಬೇಡ. ಅದು ಸುಳ್ಳು ಘೋಷಣೆ. ಪಾರ್ಸೆಲ್ ಕಳೆದುಹೋದರೆ ನೀವು ಬರೆದ ಬೆಲೆಗಿಂತ ಹೆಚ್ಚು ಪರಿಹಾರ ಕೇಳಲೂ ಬಾಯಿ ಇರುವುದಿಲ್ಲ. ಅಂಗಡಿಯ ಬಿಲ್ಲನ್ನು ಜೊತೆಗಿಟ್ಟುಕೊಂಡು ನಿಜವಾದ ಬೆಲೆ ಬರೆಯಿರಿ. ಕೊರಿಯರ್‌ನಲ್ಲಾದರೆ ಸುಂಕ ಕಳಿಸುವವರ ಖಾತೆಗೇ ಬರುವ 'ಡಿಡಿಪಿ' ಸೌಲಭ್ಯ ಕೇಳಿ, ಅದು ರಸೀದಿಯಲ್ಲಿ ನಮೂದಾಗಿದೆಯೇ ನೋಡಿ.

ಹಬ್ಬದ ಬಜೆಟ್ ಹಾಕುವಾಗ ಸೀರೆಯ ಬೆಲೆ, ಸಾಗಣೆ, ಸುಂಕ ಮೂರನ್ನೂ ಕೂಡಿಸಿ. ಮೊತ್ತ ಕೈ ಮೀರಿದರೆ ಸಣ್ಣ ಉಡುಗೊರೆ ಕಳಿಸೋಣ. ಬಿಲ್ಲು ಕಳಿಸುವುದು ಮಾತ್ರ ಬೇಡ.