ಇಟಲಿಯ ಹಂದಿಮಾಂಸದ ಸಾಸೇಜ್

ಹಂದಿಯ ಹೆಗಲ ಮಾಂಸವನ್ನು ಕೊಚ್ಚಿ, ಉಪ್ಪು ಮಸಾಲೆ ಬೆರೆಸಿ, ಶುಚಿ ಮಾಡಿದ ಕರುಳಿನಲ್ಲಿ ತುಂಬಿದರೆ ಸಾಸೇಜ್. ಇಟಲಿಯವರು ಇದನ್ನು ‘ಸಾಲ್ಸಿಚ್ಚಾ’ ಎನ್ನುತ್ತಾರೆ. ಮಿಶ್ರಣದಲ್ಲಿ ಕಾಲುಭಾಗದಷ್ಟಾದರೂ ಕೊಬ್ಬಿರಬೇಕು. ಇಲ್ಲದಿದ್ದರೆ ಬೆಂದಾಗ ಒಣಗಿ ಗಟ್ಟಿಯಾಗುತ್ತದೆ. ಕಿಲೋ ಒಂದಕ್ಕೆ 18ರಿಂದ 20 ಗ್ರಾಂ ಉಪ್ಪು, ಕರಿಮೆಣಸು. ಹಲವೆಡೆ ಸೋಂಪು, ಬೆಳ್ಳುಳ್ಳಿಯನ್ನೂ ಹಾಕುವರು.

ಬಗೆಗಳು ಊರಿಗೊಂದು. ಉತ್ತರದ ‘ಲುಗಾನೆಗಾ’ ಗಂಟಿಲ್ಲದ ಉದ್ದನೆಯ ಸುರುಳಿ. ಹೆಸರು ಮಾತ್ರ ದಕ್ಷಿಣದ ಲುಕಾನಿಯಾದ್ದು. ಅಲ್ಲಿನವರಿಂದ ಸೈನಿಕರು ಇದನ್ನು ಕಲಿತರೆಂದು ರೋಮನ್ ಲೇಖಕ ವಾರೋ ಬರೆದಿದ್ದಾನೆ. ಮೊದೆನಾದ ‘ಕೊಟೆಕಿನೊ’ಗೆ ಹಂದಿಯ ಚರ್ಮವೂ ಸೇರುವುದರಿಂದ ನಿಧಾನವಾಗಿ ಬೇಯಿಸಬೇಕು. ಕಲಾಬ್ರಿಯಾದ ‘ಎನ್ದೂಯಾ’ ಮೆಣಸಿನಕಾಯಿಯಿಂದ ಕೆಂಪೇರಿದ್ದು, ಬ್ರೆಡ್ಡಿಗೆ ಸವರುವಷ್ಟು ಮೆದು.

ಹಸಿ ಸಾಸೇಜಿಗೂ ಒಣಗಿಸಿದ ಸಲಾಮಿಗೂ ಇರುವ ಅಂತರವನ್ನು ಮರೆಯಬಾರದು. ಸಲಾಮಿಗೆ ಹೆಚ್ಚು ಉಪ್ಪು, ಅಳತೆಯ ನೈಟ್ರೈಟ್, ಹುದುಗುವಿಕೆ, ತಂಪು ಕೋಣೆಯಲ್ಲಿ ವಾರಗಟ್ಟಲೆ ಒಣಗಿಸುವಿಕೆ ಬೇಕು. ಹಸಿ ಸಾಸೇಜಿನ ಉಪ್ಪು ರುಚಿಗಷ್ಟೆ, ಕೆಡದಂತೆ ಕಾಯಲಾರದು. ಅದನ್ನು ಹಗ್ಗಕ್ಕೆ ನೇತುಹಾಕಿದರೆ ಸಲಾಮಿ ಆಗದು, ಕೊಳೆಯುತ್ತದೆ. 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿಟ್ಟು ಒಂದೆರಡು ದಿನದಲ್ಲೇ ಬಳಸಿ. ಲಾಡಿಹುಳುವಿನ ಮರಿಗಳು ಮಾಂಸದಲ್ಲಿರಬಹುದಾದ್ದರಿಂದ ನಡುಭಾಗ 71 ಡಿಗ್ರಿ ಮುಟ್ಟುವವರೆಗೆ ಬೇಯಿಸಿ. ಬಣ್ಣ ನೋಡಿ ತೀರ್ಮಾನಿಸಬೇಡಿ. ಉಪ್ಪು ಖಾರ ನೋಡಲು ಹಸಿ ಮಿಶ್ರಣವನ್ನು ನಾಲಿಗೆಗೆ ಇಟ್ಟುಕೊಳ್ಳದೆ, ಚಿಟಿಕೆಯಷ್ಟನ್ನು ಬಾಣಲೆಯಲ್ಲಿ ಹುರಿದು ನೋಡಿ.